ಹೆಸರಿಲ್ಲದವರ ವಂಶಾವಳಿ

ಅಲೆಕ್ಸ್ ಹೇಲಿಯವರ 'ರೂಟ್ಸ್' (1976) ಕೃತಿಯನ್ನು ಈಚೆಗೆ ಮತ್ತೆ ಓದಿದೆ. ಗ್ಯಾಂಬಿಯಾದ ಜುಫ್ಫುರೆಯಿಂದ ಹಿಡಿದೊಯ್ದ ಕುಂಟಾ ಕಿಂಟೆ 1767ರಲ್ಲಿ 'ಲಾರ್ಡ್ ಲಿಗೋನಿಯರ್' ಹಡಗಿನಲ್ಲಿ ಅನಾಪೊಲಿಸ್‌ಗೆ ಬಂದು, ವರ್ಜೀನಿಯಾದಲ್ಲಿ ಟೋಬಿಯಾದನಂತೆ. ಸಂಕೋಲೆಯಲ್ಲಿ ಬಂದವನನ್ನು ವಲಸಿಗನೆನ್ನಲು ನಾಲಿಗೆ ಏಳದು. ಅವನೇ ತಮ್ಮ ಪೂರ್ವಜನೆಂದು ಹೇಲಿ ಸಾರಿದರು.

ಹಡಗು ಬಂದದ್ದು ನಿಜ. ಆದರೆ ಟೋಬಿಯ ಹೆಸರು ಅದಕ್ಕೂ ಮೊದಲೇ ವರ್ಜೀನಿಯಾದ ಕಡತಗಳಲ್ಲಿದೆಯೆಂದು ಸಂಶೋಧಕರು 1981ರಲ್ಲಿ ತೋರಿಸಿದರು. ಹೆರಾಲ್ಡ್ ಕೂರ್ಲಾಂಡರರ ಕಾದಂಬರಿಯಿಂದ ಎತ್ತಿಕೊಂಡ ಭಾಗಗಳ ಬಗೆಗಿನ ಮೊಕದ್ದಮೆ 1978ರಲ್ಲಿ ರಾಜಿಯಾಗಿತ್ತು. ಮಕ್ಕಳ ನಕಲಿಗೆ ಸೊನ್ನೆ ಕೊಡುವ ನಾನು ಇಲ್ಲಿ ಸುಮ್ಮನಿರಲಾರೆ. ಕಲ್ಪನೆಯನ್ನು ಕಲ್ಪನೆಯೆಂದೇ ಹೇಳಬೇಕಿತ್ತು.

ಆದರೂ ಪುಸ್ತಕವನ್ನು ತಳ್ಳಿಹಾಕಲು ಮನಸ್ಸಾಗದು. ಅಮೆರಿಕದ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರ ವಯಸ್ಸು, ಲಿಂಗ, ಬಣ್ಣ ಬರೆದರು. ಹೆಸರು ಬರೆದದ್ದು ಹೆಚ್ಚಾಗಿ ಯಜಮಾನನದು ಮಾತ್ರ. ಅಂಥವರ ಮೊಮ್ಮಕ್ಕಳಿಗೆ ಅಜ್ಜಿ ಜಗಲಿಯಲ್ಲಿ ಕೂತು ಹೇಳಿದ ಕಥೆಯಲ್ಲದೆ ಬೇರೆ ಯಾವ ಆಸರೆಯಿತ್ತು?

ನಮ್ಮ ಮನೆಯ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ. ಅವರನ್ನು ಹೆತ್ತ ಒಬ್ಬಳ ಹೆಸರೂ ಇಲ್ಲ. ಪುಸ್ತಕ ಮುಗಿಸಿದ ದಿನವೇ ಸೋದರತ್ತೆಯನ್ನು ಕೇಳಿ, ಅವರಿಗೆ ನೆನಪಿದ್ದ ಮೂರು ಹೆಸರುಗಳನ್ನು ಬರೆದುಕೊಂಡೆ.