ಒಳಗಿಂದ ಕೊರೆಯುವ ಗರಗಸ

ಮನೆಯ ಹೆಸರಿನ ಫಲಕಕ್ಕೆ ಮರದಲ್ಲಿ ‘ರ’ ಅಕ್ಷರ ಕತ್ತರಿಸಬೇಕು ಎಂದುಕೊಳ್ಳಿ. ಹೊರಗಿನ ಗೆರೆಯನ್ನು ಯಾವ ಸಣ್ಣ ಗರಗಸವಾದರೂ ಹೇಗೋ ಸುತ್ತಿಕೊಂಡು ಬಂದೀತು. ಒಳಗಿನ ದುಂಡನ್ನು ತೆಗೆಯುವುದು ಹೇಗೆ? ಬ್ಯಾಂಡ್ ಸಾ ಬ್ಲೇಡಿಗೆ ತುದಿಯೇ ಇಲ್ಲ. ಹಲಗೆಯ ಅಂಚು ಸೀಳದೆ ಅದು ಒಳಗೆ ಬರಲಾರದು. ಕೈಯಲ್ಲಿ ಹಿಡಿಯುವ ಜಿಗ್ ಸಾ ತೂತಿನೊಳಗೆ ಇಳಿಯುತ್ತದೆ, ಆದರೆ ಅದರ ಅಗಲ ಬ್ಲೇಡು ಅವರೆಕಾಳಿನಷ್ಟು ಜಾಗದಲ್ಲಿ ತಿರುಗುವುದಿಲ್ಲ. ಸ್ಕ್ರಾಲ್ ಸಾ ಇರುವುದೇ ಈ ಕೆಲಸಕ್ಕೆ. ಅಕ್ಷರದ ಹೊಟ್ಟೆಯಲ್ಲಿ ಸಣ್ಣದೊಂದು ತೂತು ಹಾಕಿ, ಒಂದು ಮಿಲಿಮೀಟರಿಗಿಂತ ಕಿರಿದಾದ ಬ್ಲೇಡನ್ನು ಅದರಲ್ಲಿ ತೂರಿಸಿ, ಎರಡೂ ತುದಿಗಳನ್ನು ಯಂತ್ರದ ತೋಳುಗಳಿಗೆ ಸಿಕ್ಕಿಸಿ ಬಿಗಿದು, ಮರವನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಳಗಿನ ತುಂಡು ಇಡಿಯಾಗಿ ಕಳಚಿ ಬೀಳುತ್ತದೆ. ಅಂಚು ಎಷ್ಟು ನಯವಾಗಿರುತ್ತದೆಂದರೆ ಮರಳುಕಾಗದಕ್ಕೆ ಹೆಚ್ಚೇನೂ ಕೆಲಸ ಉಳಿಯುವುದಿಲ್ಲ.

ಈ ಯಂತ್ರಕ್ಕೆ ನೇರ ಗೆರೆ ಕಷ್ಟ, ಬಾಗು ಸಲೀಸು. ಹಾಗಾಗಿ ಕನ್ನಡ ಲಿಪಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಅಕ್ಷರಗಳನ್ನು ಕತ್ತರಿಸುವ ಸುಖ ಇಂಗ್ಲಿಷಿನ ದಪ್ಪಕ್ಷರಗಳಲ್ಲಿ ನನಗೆ ಸಿಕ್ಕಿಲ್ಲ. ತೊಡಕುಗಳೂ ನಮ್ಮವೇ. ‘ಠ’ದ ನಡುವಿನ ಚುಕ್ಕೆಗೆ ಆಸರೆಯಿಲ್ಲ, ಸುತ್ತ ಕೊರೆದ ಕೂಡಲೇ ಅದು ಉದುರುತ್ತದೆ. ಒತ್ತಕ್ಷರ ಮೂಲ ಅಕ್ಷರದಿಂದ ಬೇರೆಯಾಗಿ ಕೆಳಗೆ ನಿಲ್ಲುತ್ತದೆ. ಸೊನ್ನೆಯಂತೂ ಪೂರ್ತಿ ಒಂಟಿ. ನಕ್ಷೆ ಬರೆಯುವಾಗಲೇ ಇವನ್ನೆಲ್ಲ ಒಂದಕ್ಕೊಂದು ತಾಗಿಸಬೇಕು, ಇಲ್ಲವೇ ಅಕ್ಷರದ ಸೊಬಗು ಕೆಡದಂತೆ ಸಣ್ಣ ಪಟ್ಟಿಯೊಂದರಿಂದ ಹಿಡಿದಿಡಬೇಕು. ಎಲ್ಲಿ ತಾಗಿಸುವುದು, ಎಷ್ಟು ದಪ್ಪ ಬಿಡುವುದು ಎಂಬ ಯೋಚನೆಯಲ್ಲೇ ಒಂದು ಸಂಜೆ ಕಳೆಯುತ್ತದೆ. ಹವ್ಯಾಸದ ಅರ್ಧ ಸಂತೋಷ ಪೆನ್ಸಿಲು ಹಿಡಿದ ಆ ಹೊತ್ತಿನಲ್ಲಿದೆ.

ಇಷ್ಟು ಹೇಳಿದ್ದು ಯಂತ್ರ ಕೊಳ್ಳುವ ವಿಷಯಕ್ಕೆ ಬರಲಿಕ್ಕಾಗಿ. ಅಂಗಡಿಯವರು ಮೋಟಾರಿನ ವ್ಯಾಟ್ ಹೇಳುತ್ತಾರೆ, ತೋಳಿನ ಉದ್ದ ಹೇಳುತ್ತಾರೆ, ಜೊತೆಗೆ ಕೊಡುವ ದೀಪ, ಧೂಳೂದುವ ಕೊಳವೆಗಳನ್ನು ತೋರಿಸುತ್ತಾರೆ. ನಾನು ಮೊದಲು ನೋಡುವುದು ಬ್ಲೇಡಿನ ತುದಿ ಹಿಡಿಯುವ ಎರಡು ಪುಟ್ಟ ಹಿಡಿಕೆಗಳನ್ನು. ಒಂದು ಜಾಲಿ ಕೆಲಸದಲ್ಲಿ ಅರುವತ್ತು ಕಿಂಡಿಗಳಿದ್ದರೆ ಬ್ಲೇಡನ್ನು ಅರುವತ್ತು ಸಲ ಬಿಚ್ಚಬೇಕು, ತೂರಿಸಬೇಕು, ಬಿಗಿಯಬೇಕು. ಮೋಟಾರು ಎಷ್ಟೇ ಬಲವಾಗಿರಲಿ, ಈ ಬಿಚ್ಚಿ ಕಟ್ಟುವ ಕೆಲಸ ಕಿರಿಕಿರಿಯಾದರೆ ಯಂತ್ರ ಕೆಲವೇ ತಿಂಗಳಲ್ಲಿ ಅಟ್ಟ ಸೇರುತ್ತದೆ. ಸ್ಕ್ರಾಲ್ ಸಾ ಕೊಳ್ಳುವವರು ಒಳಗಿನ ಕೊರೆತವನ್ನು ಮನಸ್ಸಿನಲ್ಲಿಟ್ಟು ಕೊಳ್ಳಬೇಕು. ಉಳಿದ ಲೆಕ್ಕಗಳೆಲ್ಲ ಆಮೇಲೆ.

ಬ್ಲೇಡುಗಳಲ್ಲಿ ಎರಡು ಜಾತಿ. ಎರಡೂ ಸುಮಾರು 5 ಇಂಚು ಉದ್ದ. ಒಂದರ ತುದಿಗಳಲ್ಲಿ ಅಡ್ಡಕ್ಕೆ ಸಣ್ಣ ಕಡ್ಡಿಯಿರುತ್ತದೆ, ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಇನ್ನೊಂದರ ತುದಿ ಬೋಳು, ತಿರುಪಿನಿಂದ ಅದುಮಿ ಹಿಡಿಯಬೇಕು. ಕಡ್ಡಿಯ ಬ್ಲೇಡು ಹೊಸಬರಿಗೆ ಸುಲಭ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಸಿಕ್ಕಿಸಲು ಸುಲಭ ನಿಜ, ಆದರೆ ಆ ಕಡ್ಡಿ ತೂರಬೇಕಾದರೆ ತೂತು 4ರಿಂದ 5 ಮಿಲಿಮೀಟರ್ ಇರಬೇಕು. ಬೋಳು ಬ್ಲೇಡಿಗೆ ಒಂದೂವರೆ ಮಿಲಿಮೀಟರ್ ಸಾಕು, ತೀರ ಸಣ್ಣ ಬ್ಲೇಡಿಗೆ ಅದೂ ಬೇಡ. ನವಿಲಿನ ಗರಿಯ ಕಣ್ಣು, ಬಳ್ಳಿಯ ಸುರುಳಿ, ‘ಅ’ದ ಒಳಸುತ್ತು ಇವುಗಳಲ್ಲಿ 5 ಮಿಲಿಮೀಟರ್ ತೂತಿಗೆ ಜಾಗವೇ ಇರುವುದಿಲ್ಲ. ಕಡ್ಡಿಯ ಬ್ಲೇಡಷ್ಟನ್ನೇ ಹಿಡಿಯುವ ಯಂತ್ರ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಎರಡನ್ನೂ ಹಿಡಿಯುತ್ತದೆ ಎನ್ನುವ ಯಂತ್ರವಾದರೆ ಬೋಳು ಬ್ಲೇಡನ್ನು ಹಾಕಿಸಿ ನೋಡಿ. ಕೆಲವದರಲ್ಲಿ ಬೇರೆ ಜೋಡಣೆ ಹಾಕಿ ಅಲೆನ್ ಕೀಲಿಯಿಂದ ತಿರುಗಿಸಬೇಕಾಗುತ್ತದೆ. ಅದನ್ನು ಅರುವತ್ತು ಸಲ ಮಾಡುವುದನ್ನು ಊಹಿಸಿಕೊಳ್ಳಿ. ಹೆಬ್ಬೆರಳು ತೋರುಬೆರಳಿಗೆ ಬಗ್ಗುವ ತಿರುಪು ಇರಬೇಕು. ಬಿಗಿತದ ಹಿಡಿ ಮುಂದುಗಡೆ, ಮೇಲಿನ ತೋಳಿನ ತುದಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಅಗ್ಗದ ಬಹಳಷ್ಟು ಯಂತ್ರಗಳಲ್ಲಿ ಅದು ಹಿಂಬದಿಯಲ್ಲಿರುತ್ತದೆ, ಪ್ರತಿ ತೂತಿಗೂ ಕೈ ಚಾಚಬೇಕು. ಮೇಲಿನ ತೋಳು ಎತ್ತಿದರೆ ಎತ್ತಿದಲ್ಲೇ ನಿಲ್ಲುವ ಮಾದರಿಗಳೂ ಇವೆ. ಅವುಗಳಲ್ಲಿ ಬ್ಲೇಡಿನ ಕೆಳತುದಿಯನ್ನು ಬಿಚ್ಚದೆ ಹಲಗೆಯನ್ನೇ ಮೇಲಿನಿಂದ ಪೋಣಿಸಬಹುದು.

ಎರಡನೆಯದು ನಡುಕ. ಇದು ತೋಳುಗಳ ಕಟ್ಟಣೆಯಿಂದ ಬರುವುದು. ಹಳೆಯ ಯಂತ್ರಗಳಲ್ಲಿ ಮೋಟಾರು ಬ್ಲೇಡನ್ನು ಕೆಳಕ್ಕೆ ಎಳೆಯುತ್ತಿತ್ತು, ಮೇಲಿನ ಸ್ಪ್ರಿಂಗು ಅದನ್ನು ವಾಪಸು ಎತ್ತುತ್ತಿತ್ತು. ಹಾಗಾಗಿ ಬ್ಲೇಡಿನ ಬಿಗಿತ ಸದಾ ಏರುಪೇರು, ಮುರಿಯುವುದೂ ಹೆಚ್ಚು. ಸಮಾಂತರ ತೋಳಿನ ಯಂತ್ರ ಈ ತೊಂದರೆಯನ್ನು ನೀಗಿತು. ಹಿಂದುಗಡೆ ಎರಡು ಕೀಲುಗಳ ಮೇಲೆ ಎರಡು ತೋಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಬ್ಲೇಡು ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಜರ್ಮನಿಯ ಹೆಗ್ನರ್ ಹೆಸರಾದದ್ದು ಈ ಕಟ್ಟಣೆಯಿಂದ. ಒಂದೇ ಬಾಗಿದ ತೋಳು ಒಂದೇ ಕೀಲಿನ ಮೇಲೆ ಆಡುವ ಬಗೆಯೂ ಇದೆ. ಅದು ಚುರುಕಾಗಿ ಕೊಯ್ಯುತ್ತದೆ, ಆದರೆ ಬ್ಲೇಡು ತೊಟ್ಟಿಲಂತೆ ಹಿಂದೆ ಮುಂದೆ ತೂಗುವುದರಿಂದ ದಪ್ಪ ಮರದ ಸಣ್ಣ ತಿರುವುಗಳಲ್ಲಿ ಅಂಚು ನೆಟ್ಟಗೆ ಬರುವುದಿಲ್ಲ. ಮೂರನೆಯ ಬಗೆಯಲ್ಲಿ ಹೊರತೋಳುಗಳು ಅಲುಗುವುದೇ ಇಲ್ಲ. ಒಳಗಿನ ಸರಳುಗಳು ಹಿಂದೆ ಮುಂದೆ ಸರಿದು, ಮುಂತುದಿಯ ಚಿಕ್ಕ ಕೀಲುಗಳು ಮಾತ್ರ ಮೇಲೆ ಕೆಳಗೆ ಆಡುತ್ತವೆ. ಅಲುಗುವ ತೂಕ ಕಡಿಮೆಯಾದ್ದರಿಂದ ನಡುಕವೂ ಕಡಿಮೆ. ಡಿವಾಲ್ಟ್‌ನ ಡಿಡಬ್ಲ್ಯು 788, ಎಕ್ಸ್‌ಕ್ಯಾಲಿಬರ್ ಇವು ಈ ಬಗೆಯವು. ಎಕ್ಸ್‌ಕ್ಯಾಲಿಬರ್‌ನಲ್ಲಿ ಮೇಜು ಸಮತಟ್ಟಾಗೇ ಇದ್ದು, ತೋಳುಗಳ ಇಡೀ ಭಾಗವೇ ಓರೆಯಾಗುತ್ತದೆ. ಓರೆ ಕೊರೆತ ಹೆಚ್ಚು ಮಾಡುವವರಿಗೆ ಅದೊಂದು ವರ. ಉಳಿದವುಗಳಲ್ಲಿ ಮೇಜನ್ನು ಓರೆ ಮಾಡಿ, ಜಾರುವ ಹಲಗೆಯನ್ನು ಕೈಯಲ್ಲಿ ತಡೆದುಕೊಂಡು ಕತ್ತರಿಸಬೇಕು.

ನಡುಕ ನೋಡಲು ಹಳೆಯ ಉಪಾಯವೊಂದಿದೆ. ಯಂತ್ರವನ್ನು ಗಟ್ಟಿ ಮೇಜಿಗೆ ಬೋಲ್ಟು ಹಾಕಿಸಿ, ದಪ್ಪನೆಯ ಐದು ರೂಪಾಯಿ ನಾಣ್ಯವನ್ನು ಯಂತ್ರದ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ವೇಗವನ್ನು ನಿಧಾನವಾಗಿ ಏರಿಸಿ. ನಾಣ್ಯ ನಿಂತೇ ಇದ್ದರೆ ಯಂತ್ರ ಒಳ್ಳೆಯದು. ನಡುವಿನ ಯಾವುದೋ ಒಂದು ವೇಗದಲ್ಲಿ ಮಾತ್ರ ಬಿದ್ದರೆ ಚಿಂತೆಯಿಲ್ಲ, ಆ ವೇಗವನ್ನು ಬಿಟ್ಟು ಕೆಲಸ ಮಾಡಬಹುದು. ಬರೀ ನೆಲದ ಮೇಲೋ ತೆಳು ಹಲಗೆಯ ಮೇಲೋ ಇಟ್ಟು ಪರೀಕ್ಷಿಸಿದರೆ ಎಂಥ ಒಳ್ಳೆಯ ಯಂತ್ರವೂ ನಡುಗುತ್ತದೆ. ಇನ್ನೊಂದು ಪರೀಕ್ಷೆ: ದಪ್ಪ ಮರದ ತುಂಡಿನ ಅಂಚಿನಲ್ಲಿ ಚೂರೇ ಕೊಯ್ದು, ತುಂಡನ್ನು ತಿರುಗಿಸಿ ಹಿಂದುಗಡೆಯಿಂದ ಅದೇ ಸೀಳಿಗೆ ಬ್ಲೇಡನ್ನು ಕೂರಿಸಿ. ಸಲೀಸಾಗಿ ಕೂತರೆ ಮೇಜು ಬ್ಲೇಡಿಗೆ ಸರಿಯಾಗಿ ಮೂಲೆಮಟ್ಟದಲ್ಲಿದೆ.

ತೋಳಿನ ಉದ್ದ 16 ಇಂಚು ಬಹುತೇಕ ಎಲ್ಲರಿಗೂ ಸಾಕು. 30 ಇಂಚಿನವೂ ಇವೆ, ಆದರೆ ಮನೆಯಲ್ಲಿ ಅಷ್ಟು ದೊಡ್ಡ ಕೆಲಸ ಹಿಡಿಯುವವರು ವಿರಳ. ವೇಗ ಬದಲಿಸುವ ಅನುಕೂಲ ಬೇಕೇ ಬೇಕು. ನಿಮಿಷಕ್ಕೆ 400ರಿಂದ 1,600ರವರೆಗಿನ ಏರಿಳಿತ ಮಾಮೂಲಿ. 2 ಇಂಚು ದಪ್ಪ ಕತ್ತರಿಸುತ್ತದೆ ಎಂದು ಬರೆದಿರುತ್ತಾರೆ, ನೆಮ್ಮದಿಯಿಂದ ಕೆಲಸ ಮಾಡಬಹುದಾದದ್ದು ಮುಕ್ಕಾಲು ಇಂಚಿನಲ್ಲಿ. ಅಮೆರಿಕದಲ್ಲಿರುವ ಮಗನೋ ತಂಗಿಯೋ ಬರುವಾಗ ತರುತ್ತೇನೆ ಎಂದರೆ ಒಮ್ಮೆ ಯೋಚಿಸಿ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. ಇಂಡಕ್ಷನ್ ಮೋಟಾರು ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತದೆ, ಬಿಸಿಯೂ ಆಗುತ್ತದೆ. ಮೋಟಾರು ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳದೆ ಹಣ ಕೊಡಬೇಡಿ.

ಯಂತ್ರಕ್ಕೆ ಮೊದಲು ಕೈಗರಗಸ ಹಿಡಿಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಫ್ರೆಟ್ ಸಾ ಎಂಬ, ಉದ್ದ ಕಮಾನಿನ ಈ ಸರಳ ಸಾಧನಕ್ಕೂ ಅದೇ 5 ಇಂಚಿನ ಬ್ಲೇಡು. ಮೇಜಿನ ಅಂಚಿಗೆ ಬಾಯಿ ಸೀಳಿದ ಹಲಗೆಯೊಂದನ್ನು ಬಿಗಿದು, ಬ್ಲೇಡಿನ ಹಲ್ಲು ಕೆಳಮುಖವಾಗಿರುವಂತೆ ಹಾಕಿ, ಕೂತು ಎಳೆಯುವುದು. ಈ ಕಲೆಯ ಇತಿಹಾಸವೆಲ್ಲ ಈ ಕಮಾನಿನದೇ. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ಆಂದ್ರೆ ಶಾರ್ಲ್ ಬೂಲ್ ಆಮೆಚಿಪ್ಪು, ಹಿತ್ತಾಳೆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕತ್ತರಿಸಿ ಪೀಠೋಪಕರಣಗಳಿಗೆ ಕೂಡಿಸಿದ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಹಲಗೆಗೆ ಭೂಪಟ ಅಂಟಿಸಿ ದೇಶದೇಶಗಳ ಗಡಿಯಲ್ಲಿ ಕೊಯ್ದು ಮಕ್ಕಳ ಪಾಠಕ್ಕೆ ಮಾರಿದ. ಜಿಗ್‌ಸಾ ಪಜಲ್ ಶುರುವಾದದ್ದು ಹೀಗೆ. ಇಂಗ್ಲೆಂಡಿನಲ್ಲಿ 1895ರಿಂದ ‘ಹಾಬೀಸ್’ ಎಂಬ ವಾರಪತ್ರಿಕೆ ಮನೆಮನೆಗೆ ಫ್ರೆಟ್ ಸಾ ಕೆಲಸದ ನಕ್ಷೆಗಳನ್ನು ತಲುಪಿಸಿತು.

ನಮ್ಮಲ್ಲಿ ಇದೇ ಕಮಾನನ್ನು ನೋಡಬೇಕಾದರೆ ಮೈಸೂರಿಗೆ ಹೋಗಬೇಕು. ಅರಮನೆಯ ಅಂಬಾವಿಲಾಸಕ್ಕೆ ಹೋಗುವವರು ಬೀಟೆ ಬಾಗಿಲಿನ ದಂತದ ಕುಸುರಿಯ ಮುಂದೆ ಹೇಗೂ ನಿಲ್ಲುತ್ತಾರೆ. ಅಲ್ಲಿಂದ ಹೊರಟು ಇವತ್ತಿನ ಇನ್‌ಲೇ ಕಾರ್ಖಾನೆಯೊಂದಕ್ಕೂ ಹೋಗಿ ಬರಲಿ ಎಂಬುದು ನನ್ನ ಆಸೆ. ದಂತದ ವ್ಯಾಪಾರ ನಿಷೇಧವಾದ ಮೇಲೆ ಬಣ್ಣಬಣ್ಣದ ಮರಗಳು, ಪ್ಲಾಸ್ಟಿಕ್ಕು ಆ ಜಾಗಕ್ಕೆ ಬಂದಿವೆ. ಆನೆಯ ಸೊಂಡಿಲು, ಅಂಬಾರಿಯ ಕಮಾನು, ತೆಂಗಿನ ಗರಿ ಎಲ್ಲವನ್ನೂ ತೆಳು ಹಾಳೆಯಲ್ಲಿ ಸಣ್ಣ ಗರಗಸದಿಂದ ಕತ್ತರಿಸಿ, ಬೀಟೆಯ ಹಲಗೆಯಲ್ಲಿ ಅದೇ ಆಕಾರದ ತಗ್ಗನ್ನು ಉಳಿಯಿಂದ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಕೈ ಮಾತ್ರ ಏರಿಳಿಯುತ್ತದೆ, ಗರಗಸ ಅಲ್ಲೇ ನಿಂತಿದೆಯೇನೋ ಎನಿಸುತ್ತದೆ, ತಿರುಗುವುದು ಹಾಳೆ. ಸ್ಕ್ರಾಲ್ ಸಾ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ಯಂತ್ರದಲ್ಲೂ ಮಾಡಬೇಕಾದದ್ದು ಅದನ್ನೇ. ಬ್ಲೇಡನ್ನು ಗೆರೆಯತ್ತ ತಳ್ಳಬಾರದು. ಗೆರೆಯನ್ನು ಬ್ಲೇಡಿನ ಬಳಿಗೆ ತರಬೇಕು.

ಮರದ ವಿಷಯದಲ್ಲಿ ನಮ್ಮವರು ಅದೃಷ್ಟವಂತರು. ವಿದೇಶಿ ಪುಸ್ತಕಗಳು ಬಾಲ್ಟಿಕ್ ಬರ್ಚ್ ಪ್ಲೈವುಡ್ ಎನ್ನುತ್ತವೆ. ಇಲ್ಲಿ ಚನ್ನಪಟ್ಟಣದ ಗೊಂಬೆಗಳ ಹಾಲೆಮರವಿದೆ. ಬೆಳ್ಳಗೆ, ಮೆತ್ತಗೆ, ಹೊಸಬರ ಕೈಗೆ ಹಿತ. ಹಲಸಿನ ಹಳದಿ, ತೇಗದ ಹೊಂಬಣ್ಣ, ಬೀಟೆಯ ಕಡುನೇರಳೆ ಮೂರನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣದ ಡಬ್ಬಿಯೇ ಬೇಡ. ಕಾಫಿ ತೋಟದ ಸಿಲ್ವರ್ ಓಕ್ ಹಲಗೆಯ ಚುಕ್ಕಿಚುಕ್ಕಿ ಹೊಳಪನ್ನು ಯಾರೂ ಸಾಕಷ್ಟು ಮೆಚ್ಚಿಲ್ಲ ಎಂಬ ಕೊರಗು ನನಗಿದೆ. ಪೀಠೋಪಕರಣದ ಕಾರ್ಖಾನೆಗಳಲ್ಲಿ ಉಳಿಯುವ ತುಂಡುಗಳನ್ನು ಕೇಳಿ ತನ್ನಿ, ನಮ್ಮ ಕೆಲಸಕ್ಕೆ ಅಂಗೈ ಅಗಲ ಸಾಕು. ಆದರೆ ಧೂಳನ್ನು ಹಗುರವಾಗಿ ಎಣಿಸಬೇಡಿ. ಈ ಗರಗಸದ ಧೂಳು ಹಿಟ್ಟಿನಷ್ಟು ನುಣುಪು, ಬೀಟೆಯ ಧೂಳು ಹಲವರಿಗೆ ತುರಿಕೆ, ಉಬ್ಬಸ ತರುತ್ತದೆ. ಯಂತ್ರದ ಕೊಳವೆ ಗೆರೆ ಕಾಣುವಂತೆ ಧೂಳನ್ನು ಊದುತ್ತದೆ ಅಷ್ಟೆ, ಅದು ಹೋಗುವುದು ನಿಮ್ಮ ಮೂಗಿಗೇ. ಎನ್95 ಮಾಸ್ಕ್ ಹಾಕಿ, ಕಿಟಕಿ ತೆರೆದು ಕೂರಿ.

ಇನ್ನು ಬ್ಲೇಡು. ನಂಬರು ಹೆಚ್ಚಿದಂತೆ ದಪ್ಪ. ಮುಕ್ಕಾಲು ಇಂಚಿನ ಗಟ್ಟಿ ಮರಕ್ಕೆ 5, ಕಾಲಿಂಚಿನದಕ್ಕೆ 3, ತೆಳು ಹಾಳೆಗೆ 1 ಎಂದು ಶುರುಮಾಡಿ, ಆಮೇಲೆ ನಿಮ್ಮ ಕೈ ಹೇಳಿದಂತೆ ಬದಲಿಸಿ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬಗೆ ಪ್ಲೈವುಡ್ಡಿಗೆ ಒಳ್ಳೆಯದು, ಹಲಗೆಯ ಕೆಳಬದಿ ಸಿಬಿರು ಏಳುವುದಿಲ್ಲ. ತಯಾರಿಕೆಯಲ್ಲಿ ಬಹಳಷ್ಟು ಬ್ಲೇಡುಗಳ ಒಂದು ಬದಿ ತುಸು ಒರಟಾಗಿ ಉಳಿಯುತ್ತದೆ. ಅದರಿಂದ ಕೊರೆತ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಹಲಗೆಯನ್ನು ಕೆಲವು ಡಿಗ್ರಿ ಓರೆಯಾಗಿ ಕೊಟ್ಟರೆ ಗೆರೆಯ ಮೇಲೆ ಬರುತ್ತದೆ. ಬಿಗಿದ ಮೇಲೆ ಬೆರಳಿನಿಂದ ಮೀಟಿ ನೋಡಿ, ಸ್ವರ ತೆಳ್ಳಗೆ ಮೇಲಕ್ಕಿರಬೇಕು. ದಪ್ಪ ಮಂಕು ದನಿ ಬಂದರೆ ಇನ್ನೂ ಬಿಗಿಯಬೇಕು. ಬೀಟೆ, ತೇಗದಂಥವು ಸುಟ್ಟು ಕಪ್ಪಾಗುತ್ತಿದ್ದರೆ ನಕ್ಷೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ ಕೊಯ್ಯಿರಿ, ಸುಡುವುದು ನಿಲ್ಲುತ್ತದೆ. ಮರವನ್ನು ತಳ್ಳುತ್ತಿದ್ದೇನೆ ಎಂದು ಎನಿಸಿದ ಕ್ಷಣವೇ ಬ್ಲೇಡಿನ ಆಯುಸ್ಸು ಮುಗಿದಿದೆ, ಮುರಿಯುವವರೆಗೆ ಕಾಯಬೇಡಿ. ಬೋಳು ತುದಿಯ ಸಣ್ಣ ಬ್ಲೇಡುಗಳು ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ. ಯಂತ್ರ ಕೊಳ್ಳುವ ದಿನವೇ ಮೂರೂ ನಂಬರಿನ ತಲಾ ಎರಡು ಡಜನ್ ತೆಗೆದಿಟ್ಟುಕೊಳ್ಳಿ.