ಸುತ್ತು ದಾರಿಯೇ ಹತ್ತಿರ

ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬರುವ ದಾರಿಯ ಬಗ್ಗೆ ಈ ವಾರ ಬರೆಯುತ್ತೇನೆಂದಿದ್ದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ 777ನ್ನು ಹಾಗೆ ತಂದಿಳಿಸಿದರು. ನೇರ ದೂರ ಸುಮಾರು 14,000 ಕಿ.ಮೀ. ಆದರೆ ಭಾಗಾಕಾರ ಪಂಥದವರು ಮತ್ತೆ ತಲೆ ಎತ್ತಿದ್ದಾರೆ. ದೂರವನ್ನು 900ರಿಂದ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಕೂಡಿಸಿ, ‘ಇಷ್ಟೇ ಹೊತ್ತು’ ಎಂದು ತೀರ್ಪು ಕೊಡುವವರು. ಹೋಗಲಿಕ್ಕೂ ಬರಲಿಕ್ಕೂ ಒಂದೇ ಉತ್ತರ!

ಅವರಿಗೆ ನಾನು ಒಡ್ಡುವುದು 2016ರ ಅಕ್ಟೋಬರ್. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ದಾಟಿ ಹೋಗುತ್ತಿದ್ದ ಏರ್ ಇಂಡಿಯಾ, ಆ ತಿಂಗಳು ಪೂರ್ವಕ್ಕೆ ಮೂತಿ ತಿರುಗಿಸಿ ಪೆಸಿಫಿಕ್ ಹಿಡಿಯಿತು. 13,900 ಇದ್ದ ದಾರಿ 15,300 ಕಿ.ಮೀ. ಆಯಿತು. ತಲುಪಿದ್ದು ಮಾತ್ರ ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಬೇಗ. ಭಾಗಿಸಿ ನೋಡೋಣ, ಸ್ವಾಮಿ.

‘ಭೂಮಿ ತಿರುಗುತ್ತದಲ್ಲ, ಅದಕ್ಕೆ’ ಎನ್ನಬೇಡಿ. ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತದೆ. ಇದು ಜೆಟ್ ಸ್ಟ್ರೀಮ್‌ನ ಕೈವಾಡ: ಹತ್ತು ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಗಾಳಿಹೊಳೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದದ್ದು ಇದರ ಬೆನ್ನೇರಿಯೇ. ವಾಪಸ್ ಹೋಗುವವರಿಗೆ ಏಳು ಗಂಟೆಯೂ ಸಾಲದು.

ಈ ಹೊಳೆಯ ಮಾತು ಬಂದಮೇಲೆ ವಸಾಬುರೊ ಒಇಶಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಧ್ರುವ ಎಲ್ಲಿಗೂ ಓಡಿಹೋಗುವುದಿಲ್ಲ. ಜಪಾನಿನ ತಾತೆನೊ ವೀಕ್ಷಣಾಲಯದ ಈ ಮುಖ್ಯಸ್ಥ 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ದೂರದರ್ಶಕದಲ್ಲಿ ಅದರ ಜಾಡು ಹಿಡಿದು ಈ ಗಾಳಿಯನ್ನು ಅಳೆದ. ಜಗತ್ತೆಲ್ಲ ಓದಲೆಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊದಲ್ಲಿ ಅಚ್ಚು ಹಾಕಿಸಿದ. ಜಗತ್ತು ತಿರುಗಿಯೂ ನೋಡಲಿಲ್ಲ.

1944ರ ನವೆಂಬರಿನಲ್ಲಿ ಟೋಕಿಯೊ ಮೇಲೆ ಬಂದ ಅಮೆರಿಕದ ಬಿ-29ಗಳು ಆ ಗಾಳಿಗೆ ಸಿಕ್ಕಿ, ಬಾಂಬುಗಳು ಎಲ್ಲೆಲ್ಲೋ ಬಿದ್ದವು. ಅದೇ ತಿಂಗಳಿಂದ ಜಪಾನಿನ ಸೇನೆ ಬಾಂಬು ಕಟ್ಟಿದ ಸುಮಾರು 9,000 ಬಲೂನುಗಳನ್ನು ಅದೇ ಗಾಳಿಗೆ ಬಿಟ್ಟಿತು. ಹೆಚ್ಚಿನವು ಕಾಗದದವು. ಪೈಲಟ್ ಇಲ್ಲ, ಎಂಜಿನ್ ಇಲ್ಲ. ಆದರೂ ಕೆಲವು ನೂರು ಪೆಸಿಫಿಕ್ ದಾಟಿ ಉತ್ತರ ಅಮೆರಿಕದ ನೆಲ ಮುಟ್ಟಿದವು.