ಏಚಲದೇವಿಯೂ ಚಾಮವ್ವೆಯೂ

ಬಿಟ್ಟಿದೇವ ವಿಷ್ಣುವರ್ಧನನ ತಾಯಿ ಏಚಲದೇವಿಯನ್ನು ಇಂದಿನ ವಾಚಕರು ಬಲ್ಲದ್ದು ಬಹುಮಟ್ಟಿಗೆ ಸಿ. ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ'ಯ ಮೂಲಕ. 1978ರಲ್ಲಿ ಹೊರಬಂದ, ನಾಲ್ಕು ಸಂಪುಟಗಳ ಈ ಕಾದಂಬರಿ ಮೂರ್ತಿದೇವಿ ಪ್ರಶಸ್ತಿಯನ್ನೂ ಗಳಿಸಿತು. ಇದರ ಏಚಲದೇವಿ ಸೌಮ್ಯೆ, ವಿವೇಕಿ, ಪರರ ಮಗಳಾದ ಬಾಲೆ ಶಾಂತಲೆಯ ಗುಣವನ್ನು ಮೊದಲೇ ಗುರುತಿಸಿದ ತಾಯಿ. ಓದುತ್ತ ಹೋದಂತೆ ಆಕೆಯಲ್ಲಿ ಗೌರವ ಹುಟ್ಟುತ್ತದೆ. ಆದರೆ ತಪ್ಪೇ ಮಾಡದ ತಾಯಿಯನ್ನು ಎಷ್ಟು ಪುಟಗಳವರೆಗೆ ಪ್ರೀತಿಸಬಹುದು?

ಶಾಸನಗಳ ವಂಶಾವಳಿಯಲ್ಲಿ ಅವಳ ಸ್ಥಾನ ಗೊತ್ತಾದದ್ದೇ. ಚಾಲುಕ್ಯರ ಪರವಾಗಿ ಧಾರಾನಗರವನ್ನು ಸುಟ್ಟ ಎರೆಯಂಗನ ಮಡದಿ. ಬಲ್ಲಾಳ, ವಿಷ್ಣು, ಉದಯಾದಿತ್ಯ ಎಂಬ ಮೂವರ ತಾಯಿ. ಮೂವರಲ್ಲಿ ನಡುವಣವನಾದರೂ ವಿಷ್ಣುವೇ ಉತ್ತಮನಾದನೆಂದು ಚಮತ್ಕಾರ ಮಾಡಿ ಕವಿ ಮುಂದೆ ಸಾಗುತ್ತಾನೆ. ತಲಕಾಡಿನ ಗೆಲವು, 1117ರ ಬೇಲೂರಿನ ವಿಜಯನಾರಾಯಣ ಅವನಿಗಾಗಿ ಕಾದಿವೆ. ತಾಯಿ ಅಲ್ಲಿಗೇ ನಿಂತಳು.

ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಈ ಕಾದಂಬರಿಯ ಮೇಲೆ ನಾನು ಮಾತನಾಡಿದಾಗ ಎದುರಿಗೆ ಕುಳಿತಿದ್ದ ಒಬ್ಬ ಅಜ್ಜಿ, "ಅಲ್ಲ ಮೇಷ್ಟ್ರೇ, ಮೂರು ಗಂಡು ಹೆತ್ತಳು ಅಂತ ಬರೆದವ್ರೆ. ಹಾಲು ಕುಡಿಸಿ ಸಾಕಿದ್ದು ಲೆಕ್ಕಕ್ಕಿಲ್ವಾ?" ಎಂದು ಕೇಳಿದರು. ಸಭೆ ನಕ್ಕಿತು. ನನಗೆ ಮಾತ್ರ ಸಿಂದಿಗೆರೆಯ ಕಲ್ಲು ನೆನಪಾಯಿತು.

ಸಿಂದಿಗೆರೆ ದೂರದ ಊರಲ್ಲ, ಇದೇ ಜಿಲ್ಲೆಯದು. ಕಡೂರು ಜಿಲ್ಲೆಯೆಂಬ ಹೆಸರೇ ಇದ್ದ ಕಾಲದಲ್ಲಿ, 1901ರಲ್ಲಿ, ರೈಸ್ ಸಾಹೇಬರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಆ ಶಾಸನವಿದೆ. ಅದರಲ್ಲಿ ಏಚಲದೇವಿಯ ಅತ್ತೆ, ವಿನಯಾದಿತ್ಯನ ರಾಣಿ ಕೆಳೆಯಬ್ಬೆ, ಮರಿಯಾನೆ ದಂಡನಾಯಕನನ್ನು ತಮ್ಮನೆಂದು ಭಾವಿಸಿ, ದೇಕವ್ವೆಯೊಡನೆ ಮದುವೆ ಮಾಡಿಸಿ, ಸಿಂದಿಗೆರೆಯ ಒಡೆತನ ಕೊಡಿಸುತ್ತಾಳೆ. ಹೆಣ್ಣೊಬ್ಬಳು ಕೈಯಾರೆ ಮಾಡಿದ ಕೆಲಸವನ್ನು ಕಲ್ಲು ದಾಖಲು ಮಾಡಿದೆ. ಮುಂದೆ ಅದೇ ಮನೆತನದ ಇನ್ನೊಬ್ಬ ಮರಿಯಾನೆ ಮತ್ತು ಚಾಮವ್ವೆಯರ ಹೆಣ್ಣುಮಕ್ಕಳು ಪದ್ಮಲೆ, ಚಾವಲೆ, ಬೊಪ್ಪದೇವಿ. ಈ ಮೂವರನ್ನೂ ಒಂದೇ ಹಸೆಯಲ್ಲಿ, 1103ರಲ್ಲಿ, ಏಚಲದೇವಿಯ ಹಿರಿಯ ಮಗ ಬಲ್ಲಾಳ ವರಿಸಿದ. ವರಿಸಿ, ಅವರಿಗೆ ಎರೆದ ಮೊಲೆಹಾಲಿನ ಋಣಕ್ಕೆಂದು ಸಿಂದಿಗೆರೆಯನ್ನು ಆ ಮನೆಗೆ ಮತ್ತೆ ಬಿಟ್ಟುಕೊಟ್ಟ. ಒಂಬೈನೂರು ವರ್ಷದ ಹಿಂದೆ ಹಾಲಿಗೆ ಲೆಕ್ಕ ಇಟ್ಟವರು ಇದ್ದರು! ಆದರೆ ಆ ಹಾಲು ರಾಜಮಾತೆಯದಲ್ಲ, ಬೀಗಿತ್ತಿಯದು.

ಕಾದಂಬರಿ ಚಾಮವ್ವೆಯನ್ನು ಏನು ಮಾಡಿದೆ ನೋಡಿ. ಮಕ್ಕಳನ್ನು ರಾಣಿಯರನ್ನಾಗಿಸಲು ಹೊಂಚುವ, ಶಾಂತಲೆಯನ್ನು ಕಂಡು ಕರುಬುವ ಹೆಂಗಸು ಆಕೆ. ಕಥೆಗೆ ವಿರೋಧ ಬೇಕು, ಒಪ್ಪೋಣ. ಕಾದಂಬರಿಕಾರರಿಗೆ ಶಾಸನದ ಹಂಗೂ ಇಲ್ಲ. ಮೊದಲ ಭಾಗಗಳಿಗೆ ಓಟ ಬಂದಿರುವುದೂ ಈಕೆಯಿಂದಲೇ. ಆದರೂ ನನ್ನ ಆಕ್ಷೇಪ ಉಳಿಯುತ್ತದೆ. ಇಬ್ಬರೂ ತಾಯಂದಿರು, ಇಬ್ಬರಿಗೂ ಮಕ್ಕಳ ಪಟ್ಟದ ಚಿಂತೆ. ಒಬ್ಬಳ ಚಿಂತೆ ವಾತ್ಸಲ್ಯ, ಇನ್ನೊಬ್ಬಳದು ದುರಾಸೆ ಎಂದು ಹಂಚಿಬಿಟ್ಟರೆ ಇಬ್ಬರೂ ಬಡವಾಗುತ್ತಾರೆ. ಎರೆಯಂಗ ಬಹುಕಾಲ ಯುವರಾಜನಾಗಿಯೇ ಕಳೆದವನು. ಅರಸನಾಗಿ ಆಳಿದ್ದು ಕೆಲವೇ ವರ್ಷ. ಅಂಥವನ ಮಡದಿಗೆ, ಸೇನೆಯನ್ನು ಕೈಯಲ್ಲಿಟ್ಟುಕೊಂಡ ಮನೆಯಿಂದ ಮೂರು ಸೊಸೆಯರು ಒಟ್ಟಿಗೇ ಬಂದರೆ ಲಾಭವೂ ಕಂಡೀತು, ಅಂಜಿಕೆಯೂ ಹುಟ್ಟೀತು. ಈ ಹೊಯ್ದಾಟ ಏಚಲದೇವಿಯ ಬಾಯಲ್ಲಿ ಬಂದಿದ್ದರೆ ಪಾತ್ರಕ್ಕೆ ರಕ್ತ ತುಂಬುತ್ತಿತ್ತು.

ಹೊಯ್ಸಳರ ಮೇಲೆ ಮುಂದೆ ಬರೆಯುವವರು ಬೇಲೂರಿಗೆ ಹೋಗುವ ಮುನ್ನ ಸಿಂದಿಗೆರೆಯಲ್ಲಿ ಇಳಿಯಲಿ. ಆ ಹಸೆಯ ಮುಂದೆ ಇಬ್ಬರು ಬೀಗಿತ್ತಿಯರನ್ನು ಎದುರುಬದುರಾಗಿ ನಿಲ್ಲಿಸಿ ಒಂದು ಅಧ್ಯಾಯ ಬರೆಯಲಿ.